ಟವೆಲ್ಲಿನ ಕೆಳಗಿನ ರೇಟು

ನಮ್ಮ ಮಾವ ಮೈಲಪ್ಪನವರು ಟಿವಿಯನ್ನು ಸದ್ದು ಬಂದ್ ಮಾಡಿ ನೋಡುತ್ತಾರೆ. ಅದೂ ಸಿನಿಮಾವಲ್ಲ, ಧಾರಾವಾಹಿಯಲ್ಲ, ಶೇರು ಮಾರ್ಕೆಟ್ಟಿನ ಸುದ್ದಿ. ಬೆಳಿಗ್ಗೆ ಒಂಬತ್ತಕ್ಕೆ ರೊಟ್ಟಿ ತಿಂದು, ಕೈ ತೊಳೆದು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಸಂತೆಗೆ ಹೊರಟವರ ಹಾಗೆ ಬಂದು ಕೂಡುತ್ತಾರೆ. ನೀಲಿ ಕೋಟಿನ ತಜ್ಞನೊಬ್ಬ ಪರದೆಯ ಮೇಲೆ ಬಾಯಿ ಆಡಿಸುತ್ತಾನೆ. ಮಾವ ಅವನ ಬಾಯಿ ನೋಡುವುದಿಲ್ಲ, ಕೈ ನೋಡುತ್ತಾರೆ.

ಅದಕ್ಕೆ ಕಾರಣವಿದೆ. ಹಾವೇರಿಯ ಗುರುವಾರದ ದನದ ಸಂತೆಯಲ್ಲಿ ಅವರು ನಲವತ್ತು ವರ್ಷ ದಲಾಲಿ ಮಾಡಿದವರು. ಅಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಮಾರುವವನ ಕೈ, ದಲಾಲಿಯ ಕೈ, ಎರಡರ ಮೇಲೂ ಒಂದು ಟವೆಲ್. ಒಂದು ಬೆರಳು ಹಿಡಿದರೆ ಒಂದು, ಇಡೀ ಹಸ್ತ ಹಿಡಿದರೆ ಐದು. ಸಾವಿರವೋ ಹತ್ತು ಸಾವಿರವೋ ಎನ್ನುವುದು ಎದುರಿಗೆ ನಿಂತ ಎತ್ತನ್ನು ನೋಡಿದರೆ ತಿಳಿಯುತ್ತದೆ. ಸುತ್ತ ನಿಂತವರಿಗೆ ಮಾತ್ರ ಏನೂ ತಿಳಿಯುವುದಿಲ್ಲ.

"ಬಾಯಿಲೆ ಒದರಿದ್ದು ಮಂದಿಗೆ ಹೇಳೋ ರೇಟು," ಎನ್ನುತ್ತಾರೆ ಮಾವ. "ಖರೇ ರೇಟು ಕೈಯಾಗ ಇರ್ತೈತಿ."

ಮೊಣಕಾಲು ನೋವು ಬಂದು ಸಂತೆ ಬಿಟ್ಟ ಮೇಲೆ ಅವರಿಗೆ ಈ ಟಿವಿಯ ಗೀಳು ಹತ್ತಿಸಿದವನು ನನ್ನ ಗಂಡ ಪುಂಡಲೀಕ. ಕೋರ್ಟಿನ ಎದುರು ಝೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಪಾಪದ ಮನುಷ್ಯ, ಆದರೆ ಟಿವಿಯಲ್ಲಿ ಯಾರಾದರೂ ಟೈ ಕಟ್ಟಿಕೊಂಡು ಹೇಳಿದರೆ ನಂಬಿಬಿಡುತ್ತಾನೆ. ಬೆಳಿಗ್ಗೆ ಸಿಮೆಂಟ್ ಕೊಳ್ಳಿ ಅಂದರೆ ಸಿಮೆಂಟ್, ಸಂಜೆ ಮಾರಿ ಅಂದರೆ ಮಾರಾಟ. ಎರಡು ವರ್ಷ ಹೀಗೆ ಓಡಾಡಿ ಹೊರಟಲ್ಲಿಗಿಂತ ನಾಲ್ಕು ಹೆಜ್ಜೆ ಹಿಂದೆ ಬಂದು ನಿಂತಿದ್ದ.

ಮಾವ ಮಗನ ಜೊತೆ ಕೂತು ಒಂದು ವಾರ ಸದ್ದು ಹಾಕಿಯೇ ಕೇಳಿದರು. ಆಮೇಲೆ ತೀರ್ಪು ಕೊಟ್ಟರು.

"ನೋಡೋ ತಮ್ಮಾ, ನಮ್ಮ ದೇವರಗುಡ್ಡದಾಗ ಗೊರವಯ್ಯ ವರ್ಷಕ್ಕ ಒಮ್ಮೆ ಬಿಲ್ಲು ಏರಿ ಮುಂದಾಗೋದರ ಕಾರಣಿಕ ನುಡೀತಾನ. ಒಂದ ಮಾತು. ಅದಕ್ಕೂ ಒಂಬತ್ತು ದಿನ ಉಪವಾಸ ಇರ್ತಾನ. ಇವ್ರು ಉಂಡು ಬಂದು ತಾಸಿಗೊಮ್ಮೆ ನುಡೀತಾರ."

"ಇವ್ರು ಓದಿದಾರ ಅಪ್ಪಾ," ಅಂದ ಪುಂಡಲೀಕ.

"ಇರ್ಲಿ. ನುಡಿದ ಮ್ಯಾಲೆ ಗೊರವಯ್ಯ ಬಿಲ್ಲಿನ ಮ್ಯಾಲಿಂದ ಕೆಳಗ ಬೀಳ್ತಾನ. ಇವ್ರು ಹೇಳಿದ್ದು ಸುಳ್ಳಾದ್ರೂ ಕುರ್ಚಿ ಮ್ಯಾಲಿಂದ ಒಬ್ಬಾಂವನೂ ಬೀಳಂಗಿಲ್ಲಲ್ಲ."

ಅವತ್ತೇ ರಿಮೋಟ್ ತೆಗೆದುಕೊಂಡು ಸದ್ದು ಬಂದ್ ಮಾಡಿದರು. ಸದ್ದು ಹೋದ ಮೇಲೆ ಕೈ ಕಂಡಿತು. ನೀಲಿ ಕೋಟಿನವನ ಎಡಗೈ ಗಾಳಿಯಲ್ಲಿ ಏನೇನೋ ಬರೆಯುತ್ತಿರುತ್ತದೆ, ಆದರೆ ಬಲಗೈ ಮೇಜಿನ ಅಂಚಿನಲ್ಲಿ ತೆಪ್ಪಗೆ ಇರುತ್ತದೆ. ಅದರ ಹೆಬ್ಬೆರಳು ಮಾತ್ರ ಉಳಿದ ಬೆರಳುಗಳ ಮೇಲೆ ಮೆಲ್ಲಗೆ ಓಡಾಡುತ್ತದೆ. ಮಾವ ಮುಂದಕ್ಕೆ ಬಾಗಿದರು.

"ಇಂವ ಹಳೇ ದಲಾಲಿ," ಅಂದರು ಮೆಲುದನಿಯಲ್ಲಿ. "ಯಾರಿಗೋ ಕೈಯಾಗ ರೇಟು ಹೇಳಾಕತ್ತಾನ."

ಮೊದಲ ಸಲ ಅವರು ಉಂಗುರದ ಬೆರಳನ್ನು ಓದಿ ಬ್ಯಾಂಕಿನ ಶೇರು ಬೀಳುತ್ತದೆ ಅಂದರು. ಬಿತ್ತು. ಎರಡನೆಯ ಸಲ ಉಕ್ಕಿನದು ಏರುತ್ತದೆ ಅಂದರು. ಏರಿತು. ಮೂರನೆಯದೂ ಸರಿಹೋಯಿತು. ತಪ್ಪಿದ್ದೂ ನಾಲ್ಕೈದು ಇದ್ದವು, ಆದರೆ ಅವನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಓಣಿಯ ತುದಿಯ ಚಹಾ ಅಂಗಡಿಯ ಶಂಭುಲಿಂಗ ಗಿರಾಕಿಗಳನ್ನು ಬಿಟ್ಟು ನಮ್ಮ ಪಡಸಾಲೆಗೆ ಬರತೊಡಗಿದ. ಅವನ ಹಿಂದೆ ಮತ್ತೆ ನಾಲ್ಕು ಜನ. ಟಿವಿಯವನನ್ನು ಯಾರೂ ನೋಡುತ್ತಿರಲಿಲ್ಲ. ಮಾವ ಟಿವಿ ನೋಡುವುದನ್ನು ನೋಡುತ್ತಿದ್ದರು. ಯಾರನ್ನೂ ನಂಬಬೇಡಿ ಎನ್ನುವ ಮನುಷ್ಯನನ್ನು ಇಷ್ಟು ಜನ ನಂಬಿದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ನಾನು ನಗುತ್ತಿದ್ದೆ. ಆದರೆ ನನ್ನದೂ ಒಂದು ಗಂಟು ಅದೇ ಮಾರ್ಕೆಟ್ಟಿನಲ್ಲಿ ಇತ್ತು.

ರಾಣೆಬೆನ್ನೂರಿನ ಬೀಜದ ಕಂಪನಿಯ ಹೊಲಗಳಲ್ಲಿ ಒಂಬತ್ತು ವರ್ಷ ಹೂವಿಗೆ ಹೂವು ಕೂಡಿಸುವ ಕೆಲಸ ಮಾಡಿದ್ದೇನೆ, ಆಮೇಲೆ ಹೆಣ್ಣುಮಕ್ಕಳ ಗುಂಪಿಗೆ ಮೇಲ್ವಿಚಾರಕಿಯೂ ಆದೆ. ಉಳಿಸಿದ್ದನ್ನೆಲ್ಲ ಪಂಪ್‌ಸೆಟ್ ಮಾಡುವ ಒಂದು ಕಂಪನಿಯ ಶೇರಿಗೆ ಹಾಕಿದ್ದೆ. ಯಾವ ತಜ್ಞನೂ ಹೇಳಿರಲಿಲ್ಲ. ಹೋದ ಹೋದ ಹೊಲದ ಬಾವಿಯಲ್ಲಿ ಅವರದೇ ಪಂಪು ಕಾಣುತ್ತಿತ್ತು, ಅಷ್ಟೇ. ಅದು ಬೆಳೆದಿತ್ತು. ಈಗ ಅದನ್ನು ಮಾರಿ, ಮೋಟೆಬೆನ್ನೂರಿನ ಹೆದ್ದಾರಿ ಪಕ್ಕದ ನಮ್ಮ ಅರ್ಧ ಎಕರೆಗೆ ಬಿಸಿಲು ತಡೆಯುವ ಶೇಡ್‌ನೆಟ್ ಹಾಕಿಸಿ, ಮೆಣಸಿನಕಾಯಿ ಸಸಿಯ ನರ್ಸರಿ ಮಾಡುವುದು ನನ್ನ ಆಸೆ. ಬ್ಯಾಡಗಿ ಸೀಮೆಯವರು ಜೂನ್‌ನಲ್ಲಿ ಸಸಿ ಹುಡುಕಿಕೊಂಡು ಬರುತ್ತಾರೆ. ಅಷ್ಟರಲ್ಲಿ ಸಸಿ ಕೈಗೆ ಬರಬೇಕಾದರೆ ಏಪ್ರಿಲ್ ಮುಗಿಯುವುದರೊಳಗೆ ಆ ನೆಟ್ ಬಂದಿಳಿಯಬೇಕು. ಹುಬ್ಬಳ್ಳಿಯ ನೆಟ್ಟಿನವನು ಬುಧವಾರದೊಳಗೆ ಹಣ ಕಳಿಸಿ, ಇಲ್ಲದಿದ್ದರೆ ಮುಂದಿನ ಲೋಡು ಒಂದು ತಿಂಗಳ ಮೇಲೆ ಅಂದಿದ್ದ. ಒಂದು ತಿಂಗಳು ಅಂದರೆ ಒಂದು ವರ್ಷ ಹೋದಂತೆ.

ಅದರ ಹಿಂದಿನ ಗುರುವಾರ ಪಂಪಿನ ಬೆಲೆ ಚೆನ್ನಾಗಿತ್ತು. ನೆಟ್ಟು, ಕಂಬ, ಹನಿ ನೀರಿನ ಪೈಪು, ಸಸಿ ಬೆಳೆಸುವ ಟ್ರೇ, ಎಲ್ಲ ಬರುವಷ್ಟಿತ್ತು. ಮಾರಲು ಫೋನ್ ತೆಗೆದೆ.

"ತಡಿಯವ್ವಾ," ಅಂದರು ಮಾವ. "ಈಗ ನಿನ್ನ ಪಂಪಿನ ಮಾತ ನಡದೈತಿ. ಕಿರುಬೆರಳಿಂದ ತೋರುಬೆರಳಿನ ತನಕಾ ಹೋದ ನೋಡು. ಇನ್ನೂ ಏರ್ತೈತಿ. ಸೋಮವಾರ ಮಾರು."

ನಾನು ಕಲಿತವಳು, ಒಂಬತ್ತು ವರ್ಷ ಸಾಕ್ಷಿ ಇಲ್ಲದೆ ಒಂದು ಬೀಜವನ್ನೂ ನಂಬದವಳು. ಆ ದಿನ ಟಿವಿಯವನ ಕಿರುಬೆರಳನ್ನು ನಂಬಿ ಫೋನ್ ಒಳಗೆ ಇಟ್ಟೆ. ಆಸೆ ಬಿಟ್ಟರೆ ಬೇರೆ ಏನೂ ಕಾರಣವಿರಲಿಲ್ಲ.

ಶುಕ್ರವಾರ ಮಾರ್ಕೆಟ್ ಕುಸಿಯಿತು. ದೂರದ ಯಾವುದೋ ದೇಶದಲ್ಲಿ ಯಾರೋ ಏನೋ ಸುಂಕ ಹಾಕಿದರಂತೆ. ಹನ್ನೊಂದು ಗಂಟೆಗೆ ನನ್ನ ಟ್ರೇಗಳು ಹೋದವು. ಒಂದು ಗಂಟೆಗೆ ಹನಿ ನೀರಿನ ಪೈಪು ಹೋಯಿತು. ಮೂರಕ್ಕೆ ನೋಡಿದರೆ ನೆಟ್ಟು ಮತ್ತು ಕಂಬಗಳಷ್ಟೇ ಉಳಿದಿದ್ದವು.

ಪಡಸಾಲೆ ತುಂಬಿತ್ತು. ನೀಲಿ ಕೋಟಿನವನು ಟಿವಿಯಲ್ಲಿ ಎರಡೂ ಹುಬ್ಬು ಏರಿಸಿ ಮಾತಾಡುತ್ತಿದ್ದ. ಪುಂಡಲೀಕ ಪರದೆಯ ಕೆಳಗಿನ ಅಕ್ಷರ ಓದಿ, "ಹೆದರಬ್ಯಾಡ್ರಿ ಅನ್ನಾಕತ್ತಾನ," ಅಂದ. ಅವನ ದನಿಯೇ ನಡುಗುತ್ತಿತ್ತು. ತಜ್ಞನ ಬಲಗೈಯ ಹೆಬ್ಬೆರಳು ಅವತ್ತು ಓಡುತ್ತಿತ್ತು. ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ತೋರುಬೆರಳು, ಮತ್ತೆ ಕಿರುಬೆರಳು.

ಮಾವ ಆ ಹೆಬ್ಬೆರಳಿನ ಹೆಜ್ಜೆ ಎಣಿಸುತ್ತಿದ್ದರು. "ಇದ್ಯಾವ ರೇಟೋ," ಅಂದರು. "ಹನ್ನೆರಡು ಆತು, ಇಪ್ಪತ್ನಾಕು ಆತು, ಮೂವತ್ತಾರು ದಾಟಿದ. ಇಂಥಾ ಎತ್ತು ನಾ ನೋಡಿಲ್ಲ."

ಅಷ್ಟರಲ್ಲಿ ಅತ್ತೆ ದೇವವ್ವ ಚಹಾದ ತಟ್ಟೆ ಹಿಡಿದುಕೊಂಡು ಬಂದರು. ಅವರಿಗೂ ಶೇರಿಗೂ ಸಂಬಂಧವಿಲ್ಲ. ಮುಂಜಾನೆ ಸಂಜೆ ಗೋಡೆಗೆ ಒರಗಿ, ಕಣ್ಣು ಮುಚ್ಚಿ ಜಪ ಮಾಡುತ್ತಾರೆ, ಉಳಿದ ಹೊತ್ತು ನಮ್ಮನ್ನು ಸುಧಾರಿಸುತ್ತಾರೆ. ತಟ್ಟೆ ಇಡುತ್ತ ಒಮ್ಮೆ ಟಿವಿಯ ಕಡೆ ನೋಡಿದರು.

"ಪಾಪ," ಅಂದರು, "ಇಂವ ಜಪ ಮಾಡಾಕತ್ತಾನಲ್ಲ."

ಅತ್ತೆ ಅಲ್ಲೇ ಕೂತು ತಮ್ಮ ಬಲಗೈ ಎತ್ತಿ ಹಿಡಿದರು. ಒಂದು ಬೆರಳಿಗೆ ಮೂರು ಗೆರೆ, ನಾಲ್ಕು ಬೆರಳಿಗೆ ಹನ್ನೆರಡು. ಅವರ ಹೆಬ್ಬೆರಳು ಗೆರೆಯಿಂದ ಗೆರೆಗೆ ನಡೆಯಿತು. ಟಿವಿಯವನ ಹೆಬ್ಬೆರಳೂ ನಡೆಯಿತು. ಎರಡೂ ಒಟ್ಟಿಗೆ ತೋರುಬೆರಳಿನ ತುದಿ ಮುಟ್ಟಿ, ಒಟ್ಟಿಗೆ ಕಿರುಬೆರಳಿಗೆ ತಿರುಗಿದವು. ಬಾಯಿಯಲ್ಲಿ ಹೆದರಬೇಡಿ ಅನ್ನುತ್ತಲೇ ಆ ಮನುಷ್ಯ ಮೇಜಿನ ಅಂಚಿನಲ್ಲಿ ದೇವರನ್ನು ಕರೆಯುತ್ತಿದ್ದ. ಮಾವ ಅವನ ಕೈ ಓದತೊಡಗಿದ ಮೂರು ತಿಂಗಳಿಂದಲೂ ಕರೆಯುತ್ತಿದ್ದ.

"ನಲವತ್ತು ವರ್ಷ ನನ್ನ ಬಾಜೂ ಕುಂತು ನೋಡೀರಿ," ಅಂದರು ಅತ್ತೆ ಮಾವನಿಗೆ. "ಗುರ್ತು ಸಿಗಲಿಲ್ಲೇನ್ರಿ?"

ಶಂಭುಲಿಂಗ ಚಹಾ ಅರ್ಧಕ್ಕೇ ಬಿಟ್ಟು ಎದ್ದ. "ಮೈಲಪ್ಪಣ್ಣಾ, ಇಂವಗೂ ಏನೂ ಗೊತ್ತಿಲ್ಲಂದ್ರ ಮತ್ತ ಯಾರಿಗೆ ಗೊತ್ತೈತಿ?" ಎಂದು ಕೇಳಿದ. ಎಲ್ಲರೂ ಹೋದ ಮೇಲೆ ಮಾವ ಎದ್ದು, ಹೆಗಲ ಮೇಲಿನ ಟವೆಲ್ ತೆಗೆದು ಟಿವಿಯ ಮುಖಕ್ಕೆ ಹಾಕಿದರು.

ಶನಿವಾರ, ಭಾನುವಾರ ಮನೆ ಸತ್ತಂತಿತ್ತು. ಮಾವ ಊಟಕ್ಕೆ ಕೂತರೂ ನನ್ನ ಮುಖ ನೋಡಲಿಲ್ಲ. ನನಗೆ ಅವರ ಮೇಲೆ ಸಿಟ್ಟಿತ್ತು, ಅದಕ್ಕಿಂತ ಹೆಚ್ಚು ನನ್ನ ಮೇಲಿತ್ತು. ಪುಂಡಲೀಕ ಫೋನಿನಲ್ಲಿ ತಜ್ಞರನ್ನು ಹುಡುಕಿ ಹುಡುಕಿ ತಂದ. ಮಳೆಗಾಲದೊಳಗೆ ಪಂಪು ದುಪ್ಪಟ್ಟು ಆಗುತ್ತದೆ ಎಂದು ಒಬ್ಬ, ಅರ್ಧ ಆಗುತ್ತದೆ ಎಂದು ಇನ್ನೊಬ್ಬ. ಇಬ್ಬರ ಕೈಯನ್ನೂ ಕ್ಯಾಮೆರಾ ತೋರಿಸಲಿಲ್ಲ.

ಸೋಮವಾರ ಒಂಬತ್ತೂಕಾಲಿಗೆ ಮಾರ್ಕೆಟ್ ತೆರೆಯಿತು. ಬೆಲೆ ಹೆಚ್ಚುಕಡಿಮೆ ಶುಕ್ರವಾರದಷ್ಟೇ ಇತ್ತು, ಒಂದು ಗಳಿಗೆ ಮೇಲೆ, ಒಂದು ಗಳಿಗೆ ಕೆಳಗೆ. ಎರಡು ದಿನ ತಡೆದರೆ ಟ್ರೇ, ಪೈಪು ತಿರುಗಿ ಬರಬಹುದು. ಕಂಬಗಳೂ ಹೋಗಬಹುದು. ಕೊನೆಗೆ ಪಡಸಾಲೆಗೆ ಹೋಗಿ ಕೇಳಿದೆ.

"ಮಾವಾರ, ಏನ್ ಮಾಡ್ಲಿ?"

"ನನ್ನ ಕೇಳಬ್ಯಾಡವ್ವಾ. ನಾ ಜಪಕ್ಕ ರೇಟು ಅಂದಾಂವ."

"ಮತ್ತ ಯಾರನ್ನ ಕೇಳ್ಲಿ?"

ಅವರು ಎದ್ದು ಟಿವಿಯ ಮೇಲಿನ ಟವೆಲ್ ತೆಗೆದು, ಝಾಡಿಸಿ, ನನ್ನ ಎದುರಿಗೆ ಕೂತರು. "ಕೈ ತಾ," ಅಂದರು. ನಮ್ಮ ಮನೆಯ ಹೆಣ್ಣುಮಕ್ಕಳು ದನದ ಸಂತೆಯೊಳಗೆ ಕಾಲಿಟ್ಟವರೇ ಅಲ್ಲ. ಆ ಟವೆಲ್ಲಿನ ಕೆಳಗೆ ಏನು ನಡೆಯುತ್ತದೆಂದು ಅತ್ತೆಗೂ ಗೊತ್ತಿರಲಿಲ್ಲ. ಅವರು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು.

ಮಾವ ನನ್ನ ಕೈಯ ಮೇಲೆ ಟವೆಲ್ ಹಾಸಿದರು. ಅವರ ಕೈ ಒರಟಾಗಿ, ಬೆಚ್ಚಗೆ ಇತ್ತು.

"ಕೇಳಿಲ್ಲಿ. ನಲವತ್ತು ವರ್ಷದಾಗ ನಾಳೆ ಏನಾಗ್ತೈತಿ ಅಂತ ನಾ ಒಬ್ಬರಿಗೂ ಹೇಳಿಲ್ಲ. ಮಾರಾಂವಗ ಎಷ್ಟು ಬೇಕು ಅಂತ ಕೇಳ್ತಿದ್ನಿ, ಕೊಳ್ಳಾಂವಗ ಎಷ್ಟು ಆಗ್ತೈತಿ ಅಂತ ಕೇಳ್ತಿದ್ನಿ. ನನ್ನ ದಂಧೆ ಅಷ್ಟ. ಟಿವಿ ಮುಂದ ಕುಂತು ಅದನ್ನ ಮರ್ತೆ. ಈಗ ಹಿಡಿ. ನಿನ್ನ ನೆಟ್ಟಿಗೆ ಎಷ್ಟು ಬೇಕು?"

ನಾನು ಅವರ ಎರಡು ಬೆರಳು ಹಿಡಿದು, ಮೂರನೆಯದನ್ನು ಅರ್ಧಕ್ಕೆ ಮುಟ್ಟಿದೆ.

"ಈಗ ಮಾರಿದ್ರ ಎಷ್ಟು ಬರ್ತೈತಿ?"

ಅದೇ ಎರಡು ಬೆರಳು, ಮೂರನೆಯದರ ಅರ್ಧಕ್ಕಿಂತ ಒಂದು ಉಗುರಿನಷ್ಟು ಮೇಲೆ. ಹಿಡಿದ ಮೇಲೆ ನನಗೇ ತಿಳಿಯಿತು. ಎರಡು ದಿನದಿಂದ ಹೋದ ಟ್ರೇಗಳನ್ನು ನೋಡುತ್ತ ಕೂತಿದ್ದೆ, ಉಳಿದ ನೆಟ್ಟನ್ನು ನೋಡಿರಲಿಲ್ಲ.

ಮಾವ ಕೈ ಬಿಟ್ಟರು. "ಮತ್ತ ಯಾಕ ಕುಂತೀದಿ?" ಅಂದರು.

ಮಾರಿದೆ. ಬುಧವಾರ ಹಣ ಹೋಯಿತು, ಶನಿವಾರ ನೆಟ್ಟು ಬಂತು. ಟ್ರೇ ಇಲ್ಲದೆ ಮಡಿ ಮಾಡಿ ಬೀಜ ಹಾಕಿದೆ, ಪೈಪಿಲ್ಲದೆ ಕೊಡದಲ್ಲಿ ನೀರು ಹೊತ್ತೆ. ಸೊಂಟ ಬಿದ್ದುಹೋಯಿತು.

ಜೂನ್ ಮೊದಲ ವಾರ ಪಂಪಿನ ಶೇರು ಏರಿತು. ಕಾರಣ, ಮಳೆ ತಡವಾಯಿತು ಅಂತ. ವಾರದ ಮೇಲೆ ಮಳೆ ಬಂತು, ಶೇರು ಮತ್ತೆ ಏರಿತು. ಕಾರಣ, ಮಳೆ ಬಂತು ಅಂತ. ಪುಂಡಲೀಕ ದಿನಾ ಬಂದು ಇಷ್ಟು ಹೋಯಿತು, ಅಷ್ಟು ಹೋಯಿತು ಎಂದು ವರದಿ ಒಪ್ಪಿಸಿದ. ನನಗೂ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ನಾಲ್ಕನೆಯ ದಿನ ಅವನ ಕೈಗೆ ಕೊಡ ಕೊಟ್ಟೆ. ಆಮೇಲೆ ವರದಿ ನಿಂತಿತು.

ಸಸಿ ಮಾತ್ರ ಹುಲುಸಾಗಿ ಎದ್ದು ನಿಂತವು. ಮಾವ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಬಸ್ಸು ಹತ್ತಿ ಬಂದು ನರ್ಸರಿಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂಡತೊಡಗಿದರು. ಮೊದಲ ಗಿರಾಕಿ ಅಗಡಿಯ ಒಬ್ಬ ರೈತ, ಸಂತೆಯಲ್ಲಿ ಮಾವನ ಹಳೆಯ ಪರಿಚಯ. ಸಸಿ ಕಿತ್ತು ಬೇರು ನೋಡಿದ, ಎಲೆ ತಿರುವಿ ನೋಡಿದ. ಮನಸ್ಸು ಬಂದಿತ್ತು, ಆದರೆ ಕೈ ಮುಂದಾಗಲಿಲ್ಲ.

"ಮೈಲಪ್ಪಣ್ಣಾ, ಈ ಸಲ ಮೆಣಸಿನಕಾಯಿ ರೇಟು ಬೀಳ್ತೈತಿ ಅಂತ ಟಿವ್ಯಾಗ ಹೇಳಾಕತ್ತಾರ. ನೀ ಏನಂತಿ? ಏನಾಗಬಹುದು ರೇಟು?"

ಮಾವ ಆಕಾಶ ನೋಡಿದರು, ಹೆದ್ದಾರಿ ನೋಡಿದರು. ನಂತರ ಟವೆಲ್ ತೊಡೆಯ ಮೇಲೆ ಹಾಸಿ ಬಲಗೈ ಅದರ ಕೆಳಗೆ ಇಟ್ಟರು. ನಾನು ಬಗ್ಗಿದಲ್ಲೇ ನಿಂತೆ. ಮತ್ತೆ ಶುರುವಾಯಿತಲ್ಲ ಎಂದುಕೊಂಡೆ. ಆ ರೈತ ಸುತ್ತಮುತ್ತ ನೋಡಿ, ಮೆಲ್ಲಗೆ ತನ್ನ ಕೈಯನ್ನೂ ಟವೆಲ್ಲಿನ ಕೆಳಗೆ ತೂರಿಸಿದ. ಸ್ವಲ್ಪ ಹೊತ್ತಿಗೆ ಅವನ ಮುಖ ಗೊಂದಲಕ್ಕೆ ಬಿತ್ತು.

"ಏನಣ್ಣಾ ಇದು? ಹನ್ನೆರಡೋ, ಇಪ್ಪತ್ನಾಕೋ? ಕೈ ನಿಂದ್ರವಲ್ದು."

"ತಡಿ, ನೂರಾ ಎಂಟು ಆಗ್ಲಿ," ಅಂದರು ಮಾವ. "ಜಪ ಮಾಡಾಕತ್ತೇನಿ. ಮುಂದಿನ ರೇಟು ಕೇಳಿದ್ರ ನನಗ ಬರೋದು ಇದ ಒಂದ."

ರೈತ ಒಮ್ಮೆ ಟವೆಲ್ ನೋಡಿದ, ಒಮ್ಮೆ ಮಾವನ ಮುಖ ನೋಡಿದ. ಆಮೇಲೆ ನಕ್ಕ. ನಕ್ಕದ್ದು ಹೆದ್ದಾರಿಗೆ ಕೇಳಿಸುವಷ್ಟು.

"ಈಗ ನಿನ್ನ ಹೊಲಕ್ಕ ಎಷ್ಟು ಸಸಿ ಬೇಕು, ಅದನ್ನ ಹಿಡಿ," ಅಂದರು ಮಾವ.

ಟವೆಲ್ಲಿನ ಕೆಳಗೆ ಏನೋ ಅಲುಗಾಡಿತು. ಮಾವ ನನ್ನ ಕಡೆ ತಿರುಗಿ, ನಲವತ್ತು ವರ್ಷ ಯಾರ ಎದುರಿಗೂ ಬಾಯಿ ಬಿಟ್ಟು ಹೇಳದ ಲೆಕ್ಕವನ್ನು ಅವತ್ತು ಗಟ್ಟಿಯಾಗಿ ಹೇಳಿದರು.

"ನಿರ್ಮಲಾ, ಎಂಟು ಸಾವಿರ ಕೀಳು."

ನಾನು ಸೆರಗು ಸಿಕ್ಕಿಸಿಕೊಂಡು ನೆಟ್ಟಿನೊಳಗೆ ಹೋದೆ.