ಅರವತ್ತು ಮನೆಗಳ ಎಣ್ಣೆ

ಡ್ರಮ್ಮಿನ ಮುಚ್ಚಳ ತೆಗೆದದ್ದೇ ತಡ, ಮಹಾಮಾಯಾಳ ಪಿತ್ತ ನೆತ್ತಿಗೇರಿತು. ಸಂತಪುರದ ಅರವತ್ತು ಮನೆಗಳಿಂದ ಗಿಂಡಿ ಗಿಂಡಿಯಾಗಿ ಕೂಡಿಸಿದ ಕುಸುಬೆ ಎಣ್ಣೆ ಅದು. ಜನವರಿಯ ಚಳಿಗೆ ತಳದಲ್ಲಿ ಬೆಳ್ಳಗೆ ಹೆಪ್ಪುಗಟ್ಟಿ ಕೂತಿತ್ತು. ಇಲ್ಲಿಯ ಚಳಿಗೆ ಕುಸುಬೆ ಎಣ್ಣೆ ಹೆಪ್ಪುಗಟ್ಟುವುದಿಲ್ಲ. ಹೆಪ್ಪುಗಟ್ಟುವುದು ಅಂಗಡಿಯ ಅಗ್ಗದ ಪಾಮ್ ಎಣ್ಣೆ. ಯಾರೋ ಬೆರೆಸಿದ್ದರು.

ಹೈಸ್ಕೂಲ್ ಟೀಚರಾದ ಅವಳು ಇಡೀ ವರ್ಷ ಮನೆಮನೆ ಸುತ್ತಿ ಗಂಟಲು ಹರಿದುಕೊಂಡಿದ್ದಳು. ಎಲ್ಲೋ ದೂರದ ದ್ವೀಪಗಳಲ್ಲಿ ಮಳೆಕಾಡು ಕಡಿದು ಈ ಎಣ್ಣೆಯ ತೋಟ ಹಾಕುತ್ತಾರೆ, ನಮ್ಮ ಬಜ್ಜಿಗಾಗಿ ಅಲ್ಲಿಯ ಕಾಡು ಉರಿಯಬೇಕೇ ಎಂದು. "ನಮ್ಮ ಊರಾಗ ಬೇಲಿಗಿ ಮುಳ್ಳ ಸಿಗಂಗಿಲ್ಲ, ಅಲ್ಲಿ ಕಾಡಿನ ಚಿಂತಿ ನಿನಗ್ಯಾಕ?" ಎಂದು ನಕ್ಕವರೂ ಕೊನೆಗೆ ಊರಿನ ಬುದ್ಧ ವಿಹಾರದಲ್ಲಿ ಸೇರಿ, ಪಾಮ್ ಎಣ್ಣೆ ಬಿಡಲು ಕೈಯೆತ್ತಿ ಒಪ್ಪಿದ್ದರು. ಮೊದಲು ಎದ್ದ ಕೈ ಅವಳ ಅತ್ತೆ ಗಿರಿಜಾಬಾಯಿಯದು.

ಇವತ್ತು ಸಾವಿತ್ರಿಬಾಯಿ ಜಯಂತಿಯ ಊಟ. ಭಾಲ್ಕಿಯ ಮಹಿಳಾ ಸಂಘದವರು ನೋಡಲು ಬರುತ್ತಿದ್ದರು. ಇಷ್ಟು ಜನರಿಗೆ ಪಾಮ್ ಎಣ್ಣೆ ಇಲ್ಲದೆ ಪೂರಿ ಕರಿದು ತೋರಿಸಿದರೆ ತಮ್ಮ ಹನ್ನೆರಡು ಊರುಗಳಲ್ಲೂ ಅದನ್ನು ಬಿಡಿಸುತ್ತೇವೆ ಎಂದಿದ್ದರು.

ವಿಹಾರದ ಅಡುಗೆಗೆ ಊರ ಹೆಂಗಸರೆಲ್ಲ ಸೇರಿದ್ದರು, ಮೂಲೆಯಲ್ಲಿ ಕರುಣಾ ಹಿಟ್ಟು ನಾದುತ್ತಿದ್ದಳು. ಅವಳ ಗಂಡ ಮಚ್ಛೇಂದ್ರನದು ಕಿರಾಣಿ ಅಂಗಡಿ. ಮಹಾಮಾಯಾ ಹಿಂದುಮುಂದು ನೋಡಲಿಲ್ಲ.

"ಅಂಗಡ್ಯಾಗಿನ ಪಾಕೀಟ ಒಡದು ಸುರುವೀದಿ, ಹೌದಲ್ಲ? ಊರಿನ ಮಾನ ಕಳದಿ!"

"ಇಲ್ರಿ ವೈನಿ, ನಾ ಹಾಕಿದ್ದು ನಮ್ಮ ತವರಿಂದ ತರಿಸಿದ್ದ ಕುಸುಬಿ ಎಣ್ಣಿರಿ..." ಎಂದ ಕರುಣಾಳ ಮಾತು ಯಾರೂ ಕೇಳಲಿಲ್ಲ. ಅವಳು ಹಿಟ್ಟಿನ ಕೈಯಲ್ಲೇ ಎದ್ದು ಹೋದಳು.

ಮನೆಯಲ್ಲಿರುವ ಡಬ್ಬಿಯನ್ನಾದರೂ ತರೋಣವೆಂದು ಮಹಾಮಾಯಾ ಓಡಿದಳು. ಅಡುಗೆಮನೆಯ ಡಬ್ಬಿ ಎತ್ತಿದರೆ ಎಣ್ಣೆ ಅಲುಗಲಿಲ್ಲ. ಒಳಗೆಲ್ಲ ಬೆಳ್ಳನೆಯ ಗಟ್ಟಿ. ಬಾಗಿಲಲ್ಲಿ ಗಿರಿಜಾಬಾಯಿ ನಿಂತಿದ್ದಳು.

"ಅತ್ಯಾ, ಇದೇನ್ರಿ?"

"ನಮ್ಮ ಎಣ್ಣಿ ಎಲ್ಲಿ ಉಳದಿತ್ತು? ಇದ್ದದ್ರಾಗ ಮುಕ್ಕಾಲು ಬಾಟ್ಲಿಗಿ ತುಂಬಿ ಭಾಲ್ಕಿಯವರಿಗಿ ರುಚಿ ತೋರ್ಸಾಕ ಕಳಿಸ್ದಿ. ಸುಗ್ಗಿಗಿ ಇನ್ನಾ ಎರಡ ತಿಂಗಳ ಅದ. ಟೀಚರ್ ಮನ್ಯಾಗ ಎಣ್ಣಿ ಇಲ್ಲ ಅಂತ ಯಾರ ಬಾಗಿಲಿಗಿ ಹೋಗ್ಲಿ? ಅದಕ್ಕ ಔರಾದದ ಅಂಗಡಿಯಿಂದ ಈ ಪಾಮ್ ಎಣ್ಣಿ ತರಿಸೀನಿ, ಡ್ರಮ್ಮಿಗೂ ಟೀಚರ್ ಮನಿ ಪಾಲಂತ ಇದನ್ನೇ ಒಂದು ಡಬ್ಬಿ ತುಂಬಾ ಸುರುವೀನಿ. ಮೂರು ವಾರ ಆತು, ನೀನೂ ಇದನ್ನ ಉಣ್ಣಾಕತ್ತಿ."

ಮಹಾಮಾಯಾಳಿಗೆ ಅತ್ತೆಯ ಮೇಲೆ ಕೂಗಬೇಕೆನಿಸಿತು. ಆದರೆ ಡಬ್ಬಿಯನ್ನು ಇದ್ದಲ್ಲೇ ಇಟ್ಟಳು. 'ಕುಸುಬೆ ಎಣ್ಣೆಯ ರುಚಿಯೇ ಬೇರೆ' ಎಂದು ಹೋದ ವಾರವಷ್ಟೇ ಭಾಷಣ ಬಿಗಿದಿದ್ದಳು, ಮನೆಯಲ್ಲಿ ಇದೇ ಒಗ್ಗರಣೆ ಉಂಡು!

ಕರುಣಾಳ ಮನೆಗೆ ಹೋಗಿ ತಪ್ಪಾಯಿತು ಎಂದಳು. ಕರುಣಾ ಹೊಸ್ತಿಲು ದಾಟಲಿಲ್ಲ.

"ಇಲ್ಲಿ ಯಾರಿಗಿ ಕೇಳ್ತದ್ರಿ ವೈನಿ? ಅಲ್ಲಿ ಎಲ್ಲಾರ ಮುಂದ ಬೈದೀರಿ, ಅಲ್ಲೇ ಹೇಳ್ರಿ."

ಅಷ್ಟರಲ್ಲಿ ಭಾಲ್ಕಿಯ ಜೀಪು ವಿಹಾರದ ಮುಂದೆ ಬಂದು ನಿಂತಿತ್ತು. ಮಹಾಮಾಯಾ ಕರುಣಾಳನ್ನು ಕರೆದುಕೊಂಡೇ ಹೋದಳು. ಡ್ರಮ್ಮಿನ ಪಕ್ಕ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಕರುಣಾಂದು ಏನೂ ತಪ್ಪಿಲ್ರಿ. ಪಾಮ್ ಎಣ್ಣಿ ಬಂದದ್ದು ನಮ್ಮ ಮನಿಯಿಂದ್ಲೇ."

ಭಾಲ್ಕಿ ಸಂಘದ ಅಧ್ಯಕ್ಷೆ ಶಶಿಕಲಾ ಡ್ರಮ್ಮಿನಲ್ಲಿ ಬಗ್ಗಿ ನೋಡಿದಳು. "ನಿಮ್ಮ ಮನ್ಯಾಗೇ ನಡೀಲಿಲ್ಲಂದ್ರ, ನಮ್ಮ ಹನ್ನೆರಡು ಊರಾಗ ಹ್ಯಾಂಗ ನಡೀತದ್ರಿ ಟೀಚರ್?"

ಮಹಾಮಾಯಾ ಡ್ರಮ್ಮಿನ ಮುಚ್ಚಳ ಹಾಕಿದಳು. ಮೈತುಂಬ ಸಿಟ್ಟಿತ್ತು, ಅದನ್ನು ಯಾರ ಮೇಲಾದರೂ ಕಾರಲು ಈಗ ಯಾರೂ ಉಳಿದಿರಲಿಲ್ಲ.