ಒಂಬತ್ತನೆಯ ಕುಳಿ

ಇವನ ಸೈಕಲ್ಲಿನ ಚೈನು ಮತ್ತೆ ಕಳಚಿತು. ಹಾಕಿಕೊಡಲು ಬಂದವನು ಮತ್ತೆ ಗೆಳೆಯ ಸಿಳ್ಳೆಯೇ.

"ಬಿಡೋ, ನಿನ್ ಕೈಲಾಗಲ್ಲ," ಎಂದು ರಸ್ತೆಯ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಬೆರಳಿಗೆಲ್ಲ ಗ್ರೀಸು ಮೆತ್ತಿಕೊಂಡು, ಸಿಳ್ಳೆ ಹಾಕುತ್ತಲೇ ಚೈನು ಕೂರಿಸತೊಡಗಿದ. ಇವನು ಹ್ಯಾಂಡಲ್ಲು ಹಿಡಿದು ಆ ಬಗ್ಗಿದ ಬೆನ್ನು ನೋಡುತ್ತ ನಿಂತ. ಈಗಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಬೆನ್ನಿಗೆ ಚೂರಿ ಹಾಕುವಾಗ ಬೇಡವಾಗಿದ್ದ ಮುಖ ಈಗ ಮಾತಾಡಲು ಬೇಕಾಗಿತ್ತು.

ಮುಂದೆ ಹೋಗಿದ್ದ ಮೂರನೆಯ ಗೆಳೆಯ, ದಂತವೈದ್ಯ, ತಿರುಗಿ ಬಂದ. "ಏನೋ ಭೂಗೋಳ, ದಾರಿ ತಪ್ಪಿದ್ಯೇನೋ ಅಂದ್ಕೊಂಡೆ!"

ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಿದ್ದುದರಿಂದ ಗೆಳೆಯರಿಗೆ ಇವನು ಇಪ್ಪತ್ತು ವರ್ಷಗಳಿಂದ ಭೂಗೋಳ. ಅದೇ ಕಾಲೇಜಿನಲ್ಲಿ ಚರಿತ್ರೆ ಕಲಿಸುವವನು ಮೆಟ್ಟಿಲು ಹತ್ತುವಾಗಲೂ ಸಿಳ್ಳೆ ಹಾಕುತ್ತಾನಾದ್ದರಿಂದ ಸಿಳ್ಳೆ.

ಕಳೆದ ತಿಂಗಳು ಸಿಳ್ಳೆ ಪ್ರಿನ್ಸಿಪಾಲನಾಗಬೇಕಿತ್ತು. ಐದು ಜನರ ಸಮಿತಿ, ಗುಪ್ತ ಮತದಾನ. ಪರವಾಗಿ ಎರಡು, ವಿರುದ್ಧ ಮೂರು. ಮೂರರಲ್ಲಿ ಒಂದು ಇವನದು.

ಕಾರಣಗಳನ್ನು ಹಿಂದಿನ ದಿನವೇ ನೀಟಾಗಿ ಬರೆದಿಟ್ಟುಕೊಂಡಿದ್ದ: ಆಡಳಿತದ ಅನುಭವವಿಲ್ಲ, ಶಿಸ್ತಿಲ್ಲ, ಇತ್ಯಾದಿ. ಒಂದೂ ನಿಜವಲ್ಲ. ಬೆಳಿಗ್ಗೆ ಎಂಟಕ್ಕೆ ಮೆಟ್ಟಿಲ ಮೇಲೆ ಕೇಳಿಸುವ ಆ ಸಿಳ್ಳೆ ಒಂದು ದಿನವಾದರೂ ನಿಲ್ಲಲಿ ಎಂಬುದಷ್ಟೇ ನಿಜ. ಒಬ್ಬ ಮನುಷ್ಯ ದಿನಾ ಅಷ್ಟು ಖುಷಿಯಾಗಿರುವುದು ಹೇಗೆಂದು ಇವನಿಗೆ ಎಂದೂ ತಿಳಿದಿರಲಿಲ್ಲ. ಕೇಳುವುದಕ್ಕಿಂತ ಸೋಲಿಸುವುದು ಸುಲಭವೆನಿಸಿತ್ತು.

ಮರುದಿನ ಎಂಟಕ್ಕೆ ಸಿಳ್ಳೆ ಕೇಳಿಸಿತು. ಅದೇ ಧಾಟಿ. ಆಮೇಲೆ ಬಾಗಿಲಲ್ಲಿ ಮುಖ.

"ನನ್ ಪರವಾಗಿ ಎರಡು ವೋಟು ಬಿದ್ವಂತೆ. ಒಂದು ನಿಂದೇ, ಗೊತ್ತು ಬಿಡು. ಇನ್ನೊಬ್ಬ ಪುಣ್ಯಾತ್ಮ ಯಾರೋ?"

ಇವನು ಹುಳ್ಳಗೆ ನಕ್ಕ. ಪುಣ್ಯಾತ್ಮರು ಯಾರು ಯಾರೆಂದು ಇವನಿಗೂ ಗೊತ್ತಿರಲಿಲ್ಲ.

ಇವತ್ತಿನ ಸವಾರಿಯೂ ಆ ವೋಟಿಗೆ ಸಿಳ್ಳೆ ತೋರಿಸುತ್ತಿದ್ದ ಕೃತಜ್ಞತೆಯದೇ ಮುಂದುವರಿಕೆ. ಹದಿನೆಂಟು ಕಿಲೋಮೀಟರು ಹೊಲಗಳ ನಡುವೆ ತುಳಿದು ಹೋಗಿ ಮಿನಿ ಗಾಲ್ಫ್ ಆಡುವುದು. ಹಸಿರು ಚಾಪೆ, ಆಟಿಕೆಯ ಗಾಳಿಯಂತ್ರ, ಬಾಯಿ ತೆರೆದ ಸಿಮೆಂಟಿನ ಕಪ್ಪೆ. ಇಪ್ಪತ್ತು ವರ್ಷ ಪರ್ವತಗಳ ಪಾಠ ಮಾಡಿದವನು ಮೊಣಕಾಲೆತ್ತರದ ದಿಣ್ಣೆಗೆ ಚೆಂಡು ಹತ್ತಿಸಲಾರದೆ ಬೆವರಿದ.

ಒಂದನೆಯ ಕುಳಿಯ ಹತ್ತಿರ ಹೇಳಬೇಕೆಂದುಕೊಂಡ. ದಂತವೈದ್ಯ ಪಕ್ಕದಲ್ಲೇ ಇದ್ದ. ನಾಲ್ಕನೆಯದರಲ್ಲಿ ದಂತವೈದ್ಯ ಇರಲಿಲ್ಲ, ಆದರೆ ಸಿಳ್ಳೆ ಗೆಲ್ಲುತ್ತಿದ್ದ. ಪಾಪ, ಅವನ ಸಂತೋಷ ಯಾಕೆ ಕೆಡಿಸಬೇಕು? ಹಾಗೆಂದುಕೊಂಡದ್ದಕ್ಕೆ ಇವನಿಗೇ ನಗು ಬಂತು.

ಏಳನೆಯದರಲ್ಲಿ, "ನಿಂಗೊಂದು ಮಾತು ಹೇಳ್ಬೇಕು," ಎಂದ.

"ಹೇಳೋ."

"ನೀನು ಕೋಲು ಹಿಡಿಯೋದು ಚೆನ್ನಾಗಿದೆ."

"ಅಷ್ಟೇನಾ?"

"ಅಷ್ಟೇ."

ಒಂಬತ್ತನೆಯದು ಒಂದು ಪುಟ್ಟ ಸಿಮೆಂಟಿನ ಬಾವಿ. ಅವರಿಬ್ಬರೂ ಆಡಿ ಮುಗಿಸಿ, ಕೋಲು ಹಿಂತಿರುಗಿಸಲು ಟಿಕೆಟ್ ಕೊಡುವ ಗೂಡಿನತ್ತ ಹೋದರು. ಇವನ ಚೆಂಡು ಹನ್ನೊಂದನೆಯ ಹೊಡೆತಕ್ಕೆ ಒಳಗೆ ಬಿತ್ತು. ತೆಗೆಯೋಣವೆಂದು ಬಗ್ಗಿ ಕೈ ಹಾಕಿದ. ಮೊಣಕೈವರೆಗೆ ಹೋದರೂ ಏನೂ ಸಿಗಲಿಲ್ಲ. ಒಳಗೆ ತಣ್ಣಗಿತ್ತು. ಚಾಪೆಯ ಮೇಲೆ ಬೋರಲು ಬಿದ್ದವನ ಬಾಯಿ ಕುಳಿಯ ಹತ್ತಿರಕ್ಕೆ ಬಂದಿತ್ತು. ಸುತ್ತ ಯಾರೂ ಇರಲಿಲ್ಲ. ಯಾರೂ ಇಲ್ಲದ ಕಡೆ ಧೈರ್ಯ ಬರುವುದು ಇವನ ಹಳೆಯ ಚಾಳಿ.

"ನಿನ್ನ ಸೋಲಿಸಿದ್ದು ನಾನೇ ಕಣೋ," ಎಂದ ಕುಳಿಯೊಳಗೆ. "ನನ್ ವೋಟು ನಿನ್ ವಿರುದ್ಧಾನೇ ಹಾಕಿದ್ದು."

ಎದ್ದು ಮಂಡಿ ಕೊಡವಿಕೊಂಡ. ಎದೆ ಹಗುರವಾಗಿತ್ತು. ಎಷ್ಟು ಅಗ್ಗದ ಸಮಾಧಾನ ಎನಿಸಿದರೂ ಸಮಾಧಾನವೇ. ಸಿಳ್ಳೆ ಹಾಕಲು ಬರುತ್ತಿದ್ದರೆ ಹಾಕಿಬಿಡುತ್ತಿದ್ದ.

ಗೂಡಿನ ಬಳಿ ದಂತವೈದ್ಯ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದ. ಸಿಳ್ಳೆ ಒಂದು ತಗಡಿನ ತಟ್ಟೆಯ ಮುಂದೆ ನಿಂತಿದ್ದ. ತಟ್ಟೆಯ ಮೇಲೆ ನೆಲದೊಳಗಿಂದ ಬಂದ ಪೈಪೊಂದರ ಬಾಯಿ.

"ನನ್ನ ಚೆಂಡು ಒಳಗೇ ಹೋಯ್ತು," ಎಂದ ಇವನು.

"ಹೋಗಲ್ಲ ಸಾರ್," ಎಂದಳು ಟಿಕೆಟ್ಟಿನವಳು. "ಕೊನೇ ಕುಳಿಯಿಂದ ಪೈಪು ನೇರವಾಗಿ ಇಲ್ಲಿಗೇ ಬರುತ್ತೆ."

ಇವನು ಪೈಪಿನ ಬಾಯಿ ನೋಡಿದ. ಸಿಳ್ಳೆಯ ಗ್ರೀಸು ಮೆತ್ತಿದ ಅಂಗೈಯಲ್ಲಿ ಕೆಂಪು ಚೆಂಡಿತ್ತು.

"ನಿಂದೇ ತಾನೇ?"

"ಏನು?"

"ಚೆಂಡು."

"ಹೂಂ."

ಸಿಳ್ಳೆ ಅದನ್ನು ತಟ್ಟೆಯಲ್ಲಿಟ್ಟು ಕೈ ಒರೆಸಿಕೊಂಡ. "ಹೊತ್ತಾಯ್ತು. ಹೋಗೋಣ."

ವಾಪಸು ಬರುವಾಗ ಸಿಳ್ಳೆ ಮುಂದೆ, ದಂತವೈದ್ಯ ನಡುವೆ, ಇವನು ಕೊನೆಗೆ. ಕಿವಿ ನಿಮಿರಿಸಿಕೊಂಡೇ ತುಳಿದ. ಚಕ್ರಗಳ ಸದ್ದು, ದಂತವೈದ್ಯನ ಕೆಮ್ಮು, ಹೊಲದ ಗಾಳಿ. ಸಿಳ್ಳೆ ಕೇಳಿಸಲಿಲ್ಲ. ಕೇಳಿಸಿರಬಹುದೇ ಅವನಿಗೆ? ದಣಿದಿರಬಹುದು. ಎದುರುಗಾಳಿ ಇರಬಹುದು. ನೀಟಾಗಿ ನಾಲ್ಕು ಕಾರಣ ಹುಡುಕಿಕೊಂಡ.

ಇಳಿಜಾರಿನ ನಡುವೆ ಚೈನು ಕಳಚಿತು. ಕೂಗಿದರೆ ಸಿಳ್ಳೆ ಬಂದಾನು, ಬರದೆಯೂ ಇದ್ದಾನು. ಇವನು ಕೂಗಲಿಲ್ಲ. ಎದುರಿನ ಏರಿನ ತುದಿಯಲ್ಲಿ ಸಿಳ್ಳೆ ಒಂದು ಕಾಲು ನೆಲಕ್ಕೂರಿ ನಿಂತಿದ್ದ. ಹಿಂತಿರುಗಿ ನೋಡಲಿಲ್ಲ.

ಪೆಡಲು ಯಾವ ಭಾರವೂ ಇಲ್ಲದೆ ಸಲೀಸಾಗಿ ತಿರುಗುತ್ತಿತ್ತು. ಇಳಿಜಾರು ಮುಗಿಯುತ್ತ ಬಂದಿತ್ತು. ಇವನು ತುಳಿಯುತ್ತಲೇ ಇದ್ದ.