ಹುಲ್ಲಿಗೆ ಬಂದ ಗಾಣ

ನಂದಗಡದ ಹೊಲದಲ್ಲಿ ನೇಪಿಯರ್ ಹುಲ್ಲು ಕೊಯ್ದು ಬಿದ್ದಿತ್ತು, ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು, ಪ್ರಮಿಳಾಳ ಜೀವ ಬಾಯಿಗೆ ಬಂದಿತ್ತು. ಸಂಜೆಯೊಳಗೆ ಹುಲ್ಲು ಬಾಡಬೇಕು, ಕತ್ತರಿಸಿ ಕುಣಿಯಲ್ಲಿ ತುಳಿದು ಮುಚ್ಚಬೇಕು. ಆಗಲೇ ಅದು ಹದವಾಗಿ ಹುಳಿತು, ಬೇಸಿಗೆಗೆ ಕೂಡಿಡುವ ಮೇವು ಮುರಘಾಸವಾಗುವುದು. ಹೋದ ವರ್ಷ ಹಸಿಹಸಿಯೇ ತುಂಬಿದ್ದು ಕರ್ರಗೆ ಕೊಳೆತು ನಾರಿತ್ತು. ಬೇಸಿಗೆಯಿಡೀ ಎಮ್ಮೆಗಳ ಪಕ್ಕೆಲುಬು ಕಾಣುತ್ತಿದ್ದವು, ಗಬ್ಬದ ಎಮ್ಮೆಯೊಂದು ಕಂದು ಹಾಕಿತು. ಈ ಸಲವೂ ಹಾಗಾದರೆ ಎಮ್ಮೆಗಳನ್ನು ಮಾರುವುದೊಂದೇ ದಾರಿ.

ಅದಕ್ಕೇ ಬೆಳಗಾವಿಯಲ್ಲಿ ಹೇಳಿ ಮಾಡಿಸಿದ ಯಂತ್ರ ಬಂದಿತ್ತು. ದಂಟನ್ನು ಎರಡು ಉರುಳೆಗಳ ನಡುವೆ ಹಾಯಿಸಿ ಬಿರಿಸಿದರೆ ನೀರು ಬೇಗ ಆರುತ್ತದೆ. ಗಂಡ ಹಾಲು ಹಾಕಲು ಹೋಗಿದ್ದ. ಯಂತ್ರದ ಮುಂದೆ ಮಾವ ಭರಮಪ್ಪ ಕೂತಿದ್ದರು. ಕಬ್ಬಿನ ಗಾಣ ಆಡಿಸಿಯೇ ತಲೆ ನರೆತ ಮನುಷ್ಯ. ಉರುಳೆ ಕಂಡರೆ ಕೈ ಸುಮ್ಮನಿರುತ್ತದೆಯೇ? ತಿರುಪನ್ನು ಬಿಗಿದೇ ಬಿಗಿದರು.

"ನೋಡವಾ, ಹೆಂಗ ಹಿಂಡತೈತಿ. ಇನ್ನ ಒಣಗಾಕ ಏನ ಉಳೀತು?"

ಹಸಿರು ರಸ ಧಾರೆಯಾಗಿ ನೆಲಕ್ಕಿಳಿಯುತ್ತಿತ್ತು. ಪ್ರಮಿಳಾ ಬೆರಳಿಗೆ ಹಚ್ಚಿಕೊಂಡು ನಾಲಿಗೆಗಿಟ್ಟಳು. ಒಗರಿನ ಹಿಂದೆ ಸಣ್ಣಗೆ ಸಿಹಿ. ಮೇವು ಹುಳಿಯಲು ಬೇಕಾದದ್ದೇ ಆ ಸಿಹಿ ಎಂದು ಅವಳು ಹೋಗಿದ್ದ ಹೈನುಗಾರಿಕೆ ತರಬೇತಿಯಲ್ಲಿ ಹೇಳಿದ್ದರು. ಅದೀಗ ಮಣ್ಣುಪಾಲಾಗುತ್ತಿತ್ತು.

ಹೇಳುವುದು ಹೇಗೆ? ಗಾಣದ ವಿಷಯದಲ್ಲಿ ಮಾವನಿಗೆ ಊರಲ್ಲಿ ಯಾರೂ ಎದುರಾಡಿದವರಿಲ್ಲ. ಅವಳಂತೂ ಮದುವೆಯಾಗಿ ಬಂದಾಗಿನಿಂದ ತುಟಿ ಪಿಟಕ್ಕೆಂದವಳಲ್ಲ. ದೂರದಲ್ಲಿ ಗುಡುಗಿತು. ಸಂಕೋಚ ಪಡುತ್ತ ಕೂತರೆ ಎಮ್ಮೆ ತಿನ್ನುವುದೇನು?

"ಮಾವಾರ, ನಿಂದರ್ಸ್ರಿ. ಇದು ಕಬ್ಬಲ್ರಿ. ರಸ ಹುಲ್ಲಿನ್ಯಾಗ ಉಳೀಬೇಕ್ರಿ. ದಂಟ ಬಿರದರ ಸಾಕು."

ಭರಮಪ್ಪ ಯಂತ್ರ ನಿಲ್ಲಿಸಿದರು. ಮುಖ ಗಂಟಾಯಿತು. ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು ಅವಳಿಗೆ. ಆಮೇಲೆ ಅವರೂ ರಸ ನೆಕ್ಕಿ ನೋಡಿ, ತಿರುಪು ಸಡಿಲಿಸಿದರು.

"ಹಿಂಡಿದ್ದನ್ನ ಇವತ್ತ ಎಮ್ಮಿಗೆ ಹಾಕು. ಉಳದದ್ದು ಕುಣಿಗೆ."

ಮಧ್ಯಾಹ್ನವಿಡೀ ಇಬ್ಬರೂ ದಂಟು ಬಿರಿಸಿ, ಹುಲ್ಲು ತಿರುವಿ ಹಾಕಿ, ಬಾಡಿದ್ದನ್ನು ಕತ್ತರಿಸಿದರು. ಮೊದಲ ಹನಿ ಬೀಳುವ ಹೊತ್ತಿಗೆ ಭರಮಪ್ಪ ಕತ್ತರಿಸಿದ ಮೇವನ್ನು ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಅದುಮಿದರು. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿದರೆ ಇನ್ನೂ ಹಸಿ ಎಂದೇ ಲೆಕ್ಕ. ಪ್ರಮಿಳಾ ಹತ್ತಿರ ಬಗ್ಗಿ ನೋಡಿದಳು. ಜೀವಮಾನವಿಡೀ ರಸ ಇಳಿಯಲೆಂದು ದುಡಿದ ಆ ಕೈ, ಒಂದು ತೊಟ್ಟೂ ಇಳಿಯದಿರಲಪ್ಪಾ ಎಂದು ಬೇಡುತ್ತಿತ್ತು.

ಮುಷ್ಟಿ ಬಿಚ್ಚಿದರು. ಅಂಗೈ ಒದ್ದೆಯಾಗಿತ್ತು, ಅಷ್ಟೇ.

"ಬಾ ಯವ್ವಾ," ಎಂದರು, "ಲಗೂನ ತುಂಬೂಣು."